ಮಗನ ಫೋನು ಹೊಡೆದುಕೊಂಡರೆ ಅಮ್ಮ ಎತ್ತಬಾರದಾ?

ಕುವೆಂಪುನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ನಾನು ಈ ಆನ್‌ಲೈನ್ ಹರಟೆಕಟ್ಟೆಯಲ್ಲಿ ಅಡುಗೆ, ಹೂವಿನ ಗಿಡದ ವಿಷಯಕ್ಕೆ ಮಾತ್ರ ಬಾಯಿ ಹಾಕುವವಳು. ಇವತ್ತು ಬೇರೆ ವಿಷಯ. ಮನೆಯಲ್ಲಿ ಎರಡು ದಿನದಿಂದ ಮಾತಿಲ್ಲ ಕತೆಯಿಲ್ಲ. ತಪ್ಪು ಯಾರದು ಅಂತ ನೀವೇ ಹೇಳಿ.

ಮಂಗಳವಾರ ಬೆಳಿಗ್ಗೆ ಎಂಟೂವರೆ. ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಮಗ ಸ್ನಾನಕ್ಕೆ ಹೋಗಿದ್ದ. ಅವನಿಗೆ 23 ವರ್ಷ, ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾನೆ. ಅವನ ಫೋನು ಊಟದ ಮೇಜಿನ ಮೇಲೆ ಗುಂಯ್ ಅನ್ನುತ್ತಾ, ಜಾರುತ್ತಾ ಜಾರುತ್ತಾ ಉಪ್ಪಿನಕಾಯಿ ಜಾಡಿಯ ಹತ್ತಿರ ಬಂತು. ಒಂದು ಸಲ ನಿಂತಿತು. ಮತ್ತೆ ಶುರುವಾಯಿತು. ಕೈ ಸೆರಗಿಗೆ ಒರೆಸಿಕೊಂಡು ಎತ್ತಿದೆ.

ಆ ಕಡೆ ಒಂದು ಹುಡುಗಿ, ಇಂಗ್ಲಿಷಿನಲ್ಲಿ ಪಟಪಟ ಅಂತ. ಮಗನ ಹೆಸರು ಹೇಳಿ ಇದ್ದಾರಾ ಅಂತ ಕೇಳಿದಳು. ನನಗೆ ಬರುವ ಇಂಗ್ಲಿಷಿನಲ್ಲಿ "ಬಾತಿಂಗ್, ಬಾತಿಂಗ್. ಟೆನ್ ಮಿನಿಟ್ಸ್" ಅಂದೆ. ಅಷ್ಟಕ್ಕೆ ಬಿಡಬಹುದಿತ್ತು. "ಆಫ್ಟರ್ ಉಪ್ಪಿಟ್ಟು ಹೀ ವಿಲ್ ಕಾಲ್" ಅಂತಲೂ ಸೇರಿಸಿದೆ.

ಅದು ಯಾವುದೋ ಕಂಪನಿಯ ಎಚ್‌ಆರ್ ಅಂತೆ. ಮಗ ತಲೆ ಒರೆಸಿಕೊಳ್ಳುತ್ತಾ ಬಂದವನು ವಿಷಯ ಕೇಳಿ ಟವೆಲ್ಲನ್ನು ಕುರ್ಚಿಯ ಮೇಲೆ ಎಸೆದ.

"ಯಾಕಮ್ಮ ಎತ್ತಿದೆ?"

"ರಿಂಗ್ ಆಗ್ತಿತ್ತಲ್ಲೋ, ಎತ್ತಿದೆ."

"ರಿಂಗ್ ಆದ್ರೆ ಎತ್ತಬೇಕಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರಿಂಗ್ ಆದರೆ ಎತ್ತದೆ ಇನ್ನೇನು ಮಾಡುತ್ತಾರೆ?

ನಮ್ಮ ಮನೆಗೆ ಲ್ಯಾಂಡ್‌ಲೈನ್ ಬಂದಾಗ ನಮ್ಮ ಕ್ರಾಸಿನಲ್ಲಿ ಅದೊಂದೇ ಫೋನು. ಕ್ರೋಶಾ ಬಟ್ಟೆ ಹೊದಿಸಿ ಇಟ್ಟಿದ್ದೆವು. ಅಕ್ಕಪಕ್ಕದ ಐದಾರು ಮನೆಯವರು ನಮ್ಮ ನಂಬರನ್ನೇ ಲಗ್ನಪತ್ರಿಕೆಯಲ್ಲಿ ಹಾಕಿಸಿ ಪಕ್ಕದಲ್ಲಿ ಪಿ.ಪಿ. ಅಂತ ಬರೆಸುತ್ತಿದ್ದರು, ಅಂದರೆ ಫೋನು ಬೇರೆಯವರದು, ಕರೆದುಕೊಡುತ್ತಾರೆ ಅಂತ. ಯಾರಿಗೆ ಬಂದರೂ ನಾನು ಎತ್ತುತ್ತಿದ್ದೆ. ಕಾಂಪೌಂಡಿನ ಹತ್ತಿರ ನಿಂತು ಕೂಗಿ ಕರೆಯುತ್ತಿದ್ದೆ. ಒಂದು ಸಾವಿನ ಸುದ್ದಿ, ಎರಡು ಹೆರಿಗೆಯ ಸುದ್ದಿ ನನ್ನ ಬಾಯಿಂದಲೇ ಆ ಮನೆಗಳಿಗೆ ಹೋಗಿದ್ದು. ಇಂಥವಳಿಗೆ ಹೊಟ್ಟೆಯಲ್ಲಿ ಹುಟ್ಟಿದವನ ಫೋನು ಎತ್ತಬೇಡ ಅಂದರೆ?

ಕೋಪದಲ್ಲಿ "ಅಷ್ಟು ಮುಚ್ಚಿಡೋಕೆ ಏನಿದೆಯೋ ಅದ್ರಲ್ಲಿ" ಅಂದುಬಿಟ್ಟೆ. ಜಗಳ ದೊಡ್ಡದಾಗಿದ್ದು ಆಗ.

ಬೆಳಗಿನ ಮೆಮು

ಆಂಟಿ, ಮೊದಲು ನಗು ಬಂತು, ಕ್ಷಮಿಸಿ. ಉಪ್ಪಿಟ್ಟಿನ ವಿಷಯಕ್ಕೆ. ಆಮೇಲೆ ನಿಮ್ಮ ಮಗನ ಜಾಗದಲ್ಲಿ ನನ್ನನ್ನು ಇಟ್ಟು ನೋಡಿಕೊಂಡೆ, ಹೊಟ್ಟೆಯಲ್ಲಿ ಸಂಕಟ ಆಯಿತು.

ನನಗೆ 27. ದಿನಾ ಮಂಡ್ಯದಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತೇನೆ. ನನ್ನ ಪಾಲಿಗೆ ಫೋನು ಅಂದರೆ ಪರ್ಸು, ಪಾಸ್‌ಬುಕ್ಕು, ರೈಲಿನ ಪಾಸು, ಆಫೀಸಿನ ಬೀಗದ ಕೈ, ಡೈರಿ ಎಲ್ಲಾ ಸೇರಿದ್ದು. ಕರೆ ಬರುವುದು ಅದರಲ್ಲಿ ಒಂದು ಸಣ್ಣ ಭಾಗ. ನಿಮ್ಮ ವ್ಯಾನಿಟಿ ಬ್ಯಾಗಿಗೆ ನಿಮ್ಮ ಮಗ ಕೇಳದೆ ಕೈ ಹಾಕುತ್ತಾನಾ? ಅದರಲ್ಲಿ ಕದ್ದ ಮಾಲು ಇಟ್ಟಿದ್ದೀರಿ ಅಂತ ಅಲ್ಲ. ನಿಮ್ಮದು, ಅಷ್ಟೇ.

ನಮ್ಮಪ್ಪನದು ಇನ್ನೊಂದು ಕತೆ. ರೈಲು ಹತ್ತಿದ ಮೇಲೆ ಮೂರು ಸಲ ಫೋನ್ ಮಾಡುತ್ತಾರೆ. ಮದ್ದೂರಿನಲ್ಲಿ ಒಂದು, ರಾಮನಗರದಲ್ಲಿ ಒಂದು, ಕೆಂಗೇರಿಯಲ್ಲಿ ಒಂದು. "ಎಲ್ಲಿದ್ದೀಯ್ಲಾ?" ಅಷ್ಟೇ ಪ್ರಶ್ನೆ. ಬೇಜಾರಾಗಿ ಲೈವ್ ಲೊಕೇಶನ್ ಕಳಿಸಿ, ನಾನು ಎಲ್ಲಿದ್ದೇನೆ ಅಂತ ಮ್ಯಾಪಿನಲ್ಲಿ ಚುಕ್ಕಿ ತೋರಿಸುತ್ತದೆ ಅಂತ ಕೂರಿಸಿಕೊಂಡು ಹೇಳಿಕೊಟ್ಟೆ. ಕಲಿತರು. ಮರುದಿನ ಮದ್ದೂರಿನಲ್ಲಿ ಮತ್ತೆ ಫೋನು. "ಚುಕ್ಕಿ ಮದ್ದೂರಲ್ಲೈತೆ. ನೀನ್ ಎಲ್ಲಿದ್ದೀಯ್ಲಾ?"

ಕಬ್ಬಿನ ಗದ್ದೆ

ನಮಸ್ಕಾರ. ಮಂಡ್ಯ ತಾಲ್ಲೂಕು. ನಾನು ಹೇಳುತ್ತಿದ್ದೇನೆ, ಮಗಳು ಟೈಪ್ ಮಾಡುತ್ತಿದ್ದಾಳೆ. ಅದಕ್ಕೇ ಕಾಗುಣಿತ ಸರಿಯಾಗಿದೆ.

ನಿಮ್ಮಪ್ಪ ಕೇಳಿದ್ದು ಸರಿಯಾಗಿದೆ ತಮ್ಮಾ. ಚುಕ್ಕಿಗೆ ನೆಗಡಿ ಆಗಿದೆಯೋ, ಊಟ ಮಾಡಿದೆಯೋ ಗೊತ್ತಾಗುತ್ತಾ? ದನಿ ಕೇಳಿದರೆ ಗೊತ್ತಾಗುತ್ತೆ.

ನಮಗೆ ಫೋನು ಕೆಲಸದ ಸಾಮಾನು. ಬೆಳಿಗ್ಗೆ ಎದ್ದ ಕೂಡಲೇ ಕೆಆರ್‌ಎಸ್ ಮಟ್ಟ ನೋಡುತ್ತೇನೆ. ಗರಿಷ್ಠ 124.80 ಅಡಿ, ಇವತ್ತು ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು. 2023ರಲ್ಲಿ ಮಳೆ ಕೈಕೊಟ್ಟಾಗ ದಿನಕ್ಕೆ ಹತ್ತು ಸಲ ನೋಡಿದ್ದೇನೆ, ನೋಡಿದರೆ ನೀರು ಜಾಸ್ತಿ ಆಗುತ್ತೇನೋ ಅನ್ನುವ ಹಾಗೆ. ಆಮೇಲೆ ಬೆಲ್ಲದ ಧಾರಣೆ. ವಿ.ಸಿ. ನಾಲೆಗೆ, ಅಂದರೆ ವಿಶ್ವೇಶ್ವರಯ್ಯ ನಾಲೆಗೆ, ಯಾವತ್ತು ನೀರು ಬಿಡುತ್ತಾರೆ ಅನ್ನುವುದು. ಕಬ್ಬು ಕಡಿಯುವವರ ಮೇಸ್ತ್ರಿಗೆ ನಾಲ್ಕು ಕರೆ. ಅವನು ಐದನೆಯದಕ್ಕೆ ಎತ್ತುತ್ತಾನೆ. ಪಹಣಿಯೂ ಈಗ ಇದರಲ್ಲೇ ಬರುತ್ತೆ.

ಮಗಳು ಪಿಯುಸಿ. ಕೂತಳು ಅಂದರೆ ಕೂತಳೇ. ಕಿವಿಗೆ ಅದೇನೋ ಸಿಕ್ಕಿಸಿಕೊಂಡು ಎರಡು ಗಂಟೆ. ಕೂಗಿದರೆ ಕೇಳಿಸುವುದಿಲ್ಲ. ಇದಕ್ಕೇ ದಿನಾ ಕಿತ್ತಾಟ.

(ಟೈಪ್ ಮಾಡುತ್ತಿರುವ ಮಗಳು: ಅಪ್ಪ ಅರ್ಧ ಕತೆ ಹೇಳಿ ನಿಲ್ಲಿಸಿದರು. ಮಿಕ್ಕಿದ್ದು ನಾನು ಹೇಳುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇರುತ್ತದೆ, ಯಾವ ಆ್ಯಪ್ ಎಷ್ಟು ಹೊತ್ತು ನೋಡಿದ್ದೀರಿ ಅಂತ ತೋರಿಸುತ್ತದೆ. ಭಾನುವಾರ ಇಬ್ಬರ ಫೋನೂ ಪಕ್ಕಪಕ್ಕ ಇಟ್ಟು ನೋಡಿದೆವು. ನನ್ನದು 2 ಗಂಟೆ 50 ನಿಮಿಷ. ಅಪ್ಪನದು 4 ಗಂಟೆ 10 ನಿಮಿಷ. ಅದರಲ್ಲಿ ಕೆಆರ್‌ಎಸ್, ಬೆಲ್ಲ, ಪಹಣಿ ಎಲ್ಲಾ ಸೇರಿ ಅರ್ಧ ಗಂಟೆ. ಮಿಕ್ಕಿದ್ದೆಲ್ಲಾ ಯೂಟ್ಯೂಬು. ಕುರುಕ್ಷೇತ್ರ ನಾಟಕ, ದನದ ಜಾತ್ರೆ, ಪಂಜಾಬಿನ ಟ್ರ್ಯಾಕ್ಟರು. ಪಂಜಾಬಿನ ಟ್ರ್ಯಾಕ್ಟರು ಯಾಕೆ ಅಂತ ಯಾರಾದರೂ ಕೇಳಿ ಹೇಳಿ.)

ಕಬ್ಬಿನ ಗದ್ದೆ

ನಾನು ಹೇಳದೆ ಇರುವುದನ್ನೂ ಬರೆದಿದ್ದಾಳೆ. ನಾನು ನೋಡುವುದು ಎರಡು ನಿಮಿಷ, ಐದು ನಿಮಿಷ. ಎಮ್ಮೆ ಹಾಲು ಕರೆದ ಮೇಲೆ ಸ್ವಲ್ಪ, ಬಸ್ಸು ಕಾಯುವಾಗ ಸ್ವಲ್ಪ. ಅದನ್ನೆಲ್ಲಾ ಕೂಡಿ ನಾಲ್ಕು ಗಂಟೆ ಅಂದರೆ ಹೇಗೆ? ಬೀಡಿ ಸೇದುವವನಿಗೆ ದಿನದ ಹೊಗೆಯನ್ನೆಲ್ಲಾ ಒಟ್ಟಿಗೆ ತೋರಿಸಿದ ಹಾಗೆ ಆಯಿತು.

ಸರಸ್ವತಿಪುರಂ ಮೇಷ್ಟ್ರು

ಹೈಸ್ಕೂಲಿನಲ್ಲಿ 31 ವರ್ಷ ಪಾಠ ಮಾಡಿದವನು ನಾನು. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನಮ್ಮ ತಲೆಮಾರು ಫೋನನ್ನು ಕಲಿತದ್ದು ದುಡ್ಡಿನ ಲೆಕ್ಕದಲ್ಲಿ. ಎಸ್‌ಟಿಡಿ ಬೂತಿನಲ್ಲಿ ನಿಂತಾಗ ಕಣ್ಣು ಮೀಟರಿನ ಮೇಲೆ, ಮಾತು ಅಣ್ಣನ ಜೊತೆ. ರಾತ್ರಿ ದರ ಕಡಿಮೆ ಅಂತ ಊಟ ಮುಗಿಸಿ ಕ್ಯೂ ನಿಲ್ಲುತ್ತಿದ್ದೆವು. ಮೊಬೈಲು ಬಂದ ಮೇಲೂ 2003ರವರೆಗೆ ಒಳಬರುವ ಕರೆಗೂ ನಾವೇ ದುಡ್ಡು ಕೊಡಬೇಕಿತ್ತು. ಬೇರೆಯವರು ಮಾತಾಡಿದ್ದಕ್ಕೆ ನಮ್ಮ ಜೇಬು! ಅದಕ್ಕೇ ಮಿಸ್ಡ್ ಕಾಲಿನ ಭಾಷೆ ಹುಟ್ಟಿತು. ನಮ್ಮ ಮನೆಯಲ್ಲಿ ಒಂದು ರಿಂಗು ಅಂದರೆ ತಲುಪಿದೆ. ಎರಡು ರಿಂಗು ಅಂದರೆ ಬಸ್ ಸ್ಟ್ಯಾಂಡಿಗೆ ಬಾ. ಮೂರು ಅಂದರೆ ಗಾಬರಿ.

ಹೀಗೆ ಕಲಿತವರು ನಾವು. ಅದಕ್ಕೇ ವಿಷಯ ಹೇಳಿ ಟಪ್ ಅಂತ ಇಟ್ಟುಬಿಡುತ್ತೇವೆ. "ಬರ್ಲಾ, ಬೈ" ಕೂಡ ಇಲ್ಲ. ಮೊಮ್ಮಗಳು ಕೇಳುತ್ತಾಳೆ, ತಾತಾ ನಿಂಗೆ ಕೋಪಾನಾ ಅಂತ. ಕೋಪ ಅಲ್ಲಮ್ಮ, ಮೀಟರು.

ಮಕ್ಕಳ ಕೈಗೆ ಫೋನು ಬಂದಿದ್ದು ಬೇರೆ ದಾರಿಯಲ್ಲಿ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ನೀರಿನ ಹಾಗೆ ಹರಿಯಿತು. 2020ರಲ್ಲಿ ಶಾಲೆ ಮುಚ್ಚಿದಾಗ, ಅಲ್ಲಿಯವರೆಗೆ "ಎಸ್‌ಎಸ್‌ಎಲ್‌ಸಿ ಆಗ್ಲಿ ಕೊಡಿಸ್ತೀನಿ" ಅಂದಿದ್ದ ಅಪ್ಪಂದಿರೇ ಕಿವಿಯ ಓಲೆ ಅಡವಿಟ್ಟು ಫೋನು ಕೊಡಿಸಿದರು. ನನ್ನ ಕ್ಲಾಸಿನಲ್ಲೇ ಇಬ್ಬರ ಮನೆಯಲ್ಲಿ ಹಾಗಾಯಿತು. ಪಾಠ ಕೇಳು, ಕೋಣೆಯ ಬಾಗಿಲು ಹಾಕಿಕೋ, ಯಾರೂ ಗಲಾಟೆ ಮಾಡಬೇಡಿ ಅಂತ ನಾವೇ ಹೇಳಿದೆವು. ಬಾಗಿಲು ಹಾಕಿಕೊಳ್ಳುವುದನ್ನು ಕಲಿಸಿದವರು ನಾವು. ಈಗ ಯಾಕೆ ಬಾಗಿಲು ಹಾಕುತ್ತೀಯ ಅಂತ ಕೇಳುವವರೂ ನಾವು.

ಅಂದ ಹಾಗೆ, ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. ಅವರು ಮನಃಶಾಸ್ತ್ರದ ಪ್ರಾಧ್ಯಾಪಕರು. ಈ ಜಗಳ ನೋಡಿದ್ದರೆ ಅವರಿಗೆ ಒಳ್ಳೆಯ ಪಾಠ ಸಿಗುತ್ತಿತ್ತು.

ಜಗಳಗಂಟ

ಎಲ್ಲರ ಫೋನೂ ಕಿತ್ತುಕೊಂಡು ಕುಕ್ಕರಹಳ್ಳಿ ಕೆರೆಗೆ ಹಾಕಿ. ಮುಗೀತು.

ಬೆಳಗಿನ ಮೆಮು

ಇದನ್ನು ಯಾವುದರಲ್ಲಿ ಟೈಪ್ ಮಾಡಿದಿರಿ ಸಾರ್?

ಹೆಸರು ಬೇಡ

ನನಗೆ 17. ಇಲ್ಲಿ ಎಲ್ಲರೂ ದೊಡ್ಡವರೇ ಇದ್ದೀರಿ, ಒಂದು ಮಾತು ಹೇಳಲಾ?

ನನ್ನ ಫೋನಿಗೆ ಲಾಕ್ ಹಾಕಿದರೆ ಅಮ್ಮ ಕೇಳುತ್ತಾರೆ, ಏನು ಮುಚ್ಚಿಡ್ತಿದ್ದೀಯ ಅಂತ. ಅದೇ ಅಮ್ಮ ನನ್ನ ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ದಿನ ಮಾರ್ಕ್ಸ್ ಕಾರ್ಡನ್ನು ಸ್ಟೇಟಸ್‌ಗೆ ಹಾಕಿದರು. ರಿಜಿಸ್ಟರ್ ನಂಬರು, ಹುಟ್ಟಿದ ದಿನ, ಗಣಿತದಲ್ಲಿ ಬಂದ ಮಾರ್ಕ್ಸು ಎಲ್ಲಾ ಕಾಣುತ್ತಿತ್ತು. ಅಡುಗೆ ಗ್ಯಾಸ್ ತರುವ ಅಣ್ಣ ಮರುದಿನ ಸಿಲಿಂಡರ್ ಇಳಿಸುತ್ತಾ "ಮ್ಯಾಥ್ಸ್‌ನಲ್ಲಿ ಸ್ವಲ್ಪ ಕಮ್ಮಿ ಆಯ್ತು ಅಲ್ವಾ ಪಾಪು" ಅಂದರು.

ನಾನು ಮಲಗಿದ್ದಾಗ ಬಾಯಿ ತೆರೆದುಕೊಂಡಿದ್ದ ಫೋಟೋ ಫ್ಯಾಮಿಲಿ ಗ್ರೂಪಿನಲ್ಲಿದೆ. ಅದರಲ್ಲಿ 84 ಜನ ಇದ್ದಾರೆ. ಅರ್ಧ ಜನ ಯಾರು ಅಂತಲೇ ಗೊತ್ತಿಲ್ಲ.

ನಾವು ಹಾಕುವ ಫೋಟೋ ಹತ್ತು ಸಲ ನೋಡಿ ಹಾಕುತ್ತೇವೆ. ಯಾರಿಗೆ ಕಾಣಬೇಕು ಅಂತ ಆರಿಸುತ್ತೇವೆ. ನಮಗೆ ಫೋನು ಬಳಸುವುದು ಗೊತ್ತಿಲ್ಲ ಅಂತ ಬೈಯುವವರು ಒಂದು ಸಲ ತಮ್ಮ ಸ್ಟೇಟಸ್ ನೋಡಿಕೊಳ್ಳಲಿ.

ಕುವೆಂಪುನಗರದ ಅಮ್ಮ

ಮಗು, ನಿನ್ನ ಮಾತು ನೇರ ಬಂದು ತಾಗಿತು. ನಾನೂ ಹಾಕಿದ್ದೇನೆ. ಮಗನ ಕಾಲೇಜಿನ ಸರ್ಟಿಫಿಕೇಟು. ಖುಷಿಗೆ ಹಾಕಿದ್ದು ಕಣೇ. ನಮ್ಮ ಕಾಲದಲ್ಲಿ ರಿಸಲ್ಟ್ ಬಂದರೆ ಬೀದಿಗೆಲ್ಲಾ ಪೇಡಾ ಹಂಚುತ್ತಿದ್ದೆವು, ಇದೂ ಹಾಗೇ ಅಂದುಕೊಂಡೆ.

ಪೇಡಾ ಡಬ್ಬದ ಮೇಲೆ ರಿಜಿಸ್ಟರ್ ನಂಬರ್ ಬರೆಯುತ್ತಿರಲಿಲ್ಲ, ಅದು ನಿಜ.

ಬ್ಯಾಂಕು ಬಿಟ್ಟವನು

ಈ ಚರ್ಚೆ ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಇದ್ದೆ. ನಾಚಿಕೆಯ ವಿಷಯ. ಮೊದಲನೇ ಪ್ರಶ್ನೆ ಇತ್ತಲ್ಲ, ರಿಂಗ್ ಆದರೆ ಎತ್ತಬೇಕಾ ಅಂತ. ಅದಕ್ಕೆ ನನ್ನ ಹತ್ತಿರ ಒಂದು ಉತ್ತರ ಇದೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೋದ ವರ್ಷ ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು, ಎತ್ತಿದೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಅಂದರು. ಆಮೇಲೆ ವಿಡಿಯೊ ಕಾಲ್. ಖಾಕಿ ಹಾಕಿದವನೊಬ್ಬ, ಹಿಂದೆ ಬಾವುಟ, ಗೋಡೆಯ ಮೇಲೆ ಗಾಂಧೀಜಿ. "ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕ್ಯಾಮೆರಾ ಬಿಟ್ಟು ಏಳಬಾರದು" ಅಂದ. ಅಂಥ ಅರೆಸ್ಟು ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಇದನ್ನೇ ಹೇಳಿದ್ದರು. ನಾನು ಕಾಫಿ ಕುಡಿಯುತ್ತಾ ಕೇಳಿದ್ದೆ. ಪಕ್ಕದ ಮನೆಯವರಿಗೂ ಹೇಳಿದ್ದೆ. ಆದರೂ ಒಂದು ಗಂಟೆ ಮುಕ್ಕಾಲು ಆ ಕುರ್ಚಿ ಬಿಟ್ಟು ಏಳಲಿಲ್ಲ. ಬಚ್ಚಲಿಗೆ ಹೋಗಲು ಅವನ ಹತ್ತಿರ ಅನುಮತಿ ಕೇಳಿದೆ.

ಮಗಳು ಕಾಲೇಜಿನಿಂದ ಬಂದಳು. ಚಪ್ಪಲಿ ಬಿಟ್ಟಳು. ನನ್ನ ಮುಖ ನೋಡಿದಳು, ಫೋನಿನ ಕಡೆ ಬಗ್ಗಿ ನೋಡಿದಳು. ಬೆರಳಿನಿಂದ ಕೆಂಪು ಗುಂಡಿ ಒತ್ತಿದಳು. ಕಾಲ್ ಕಟ್. ನಂಬರ್ ಬ್ಲಾಕ್ ಮಾಡಿ, "ಕಾಫಿ ಇದೆಯಾ ಅಪ್ಪ" ಅಂತ ಅಡುಗೆಮನೆಗೆ ಹೋದಳು.

ಅಷ್ಟೇ. ಅಷ್ಟು ಸುಲಭ ಇತ್ತು. ನನ್ನ ಕೈಯಲ್ಲಿ ಯಾಕೆ ಆಗಲಿಲ್ಲ ಅಂತ ಆಮೇಲೆ ಬಹಳ ಯೋಚಿಸಿದೆ. ನನಗೆ ಫೋನು ಅಂದರೆ ಮನೆಯ ಮುಂಬಾಗಿಲು. ಯಾರಾದರೂ ಬಡಿದರೆ ತೆಗೆಯಬೇಕು. ಬಂದವರು ಮಾತಾಡುತ್ತಿರುವಾಗ ಮುಖದ ಮೇಲೆ ಕದ ಹಾಕಬಾರದು. ಹಾಗೆ ಬೆಳೆದವನು. ಅವಳಿಗೆ ಅದು ಮುಂಬಾಗಿಲು ಅಲ್ಲ, ತನ್ನ ಕೋಣೆಯ ಬಾಗಿಲು. ಯಾರು ಬಡಿದರೂ ತೆಗೆಯಲೇಬೇಕು ಅಂತ ಇಲ್ಲ. ಅಮ್ಮನವರೇ, ನಿಮ್ಮ ಮನೆಯ ಜಗಳವೂ ಇದೇ ಅನ್ನಿಸುತ್ತದೆ. ನೀವು ಮುಂಬಾಗಿಲು ಅಂತ ತೆಗೆದಿರಿ. ಅವನು ನನ್ನ ಕೋಣೆಗೆ ಬಂದಿರಿ ಅಂದ.

ದುಡ್ಡು ಹೋಗಲಿಲ್ಲ, ಬಚಾವಾದೆ. ಹೋದವರು ಮುಚ್ಚಿಡಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ದುಡ್ಡು ಕೈ ದಾಟುತ್ತಾ ಹೋಗುತ್ತದೆ. ಇನ್ನೊಂದು: ನಿಮಗೆ ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ.

ಕಬ್ಬಿನ ಗದ್ದೆ

ಬಚ್ಚಲಿಗೆ ಹೋಗೋದಕ್ಕೂ ಕೇಳಿದ್ದು ಓದಿ ಹೊಟ್ಟೆ ಉರಿಯಿತು ಸಾರ್. ನೀವು ಬರೆದಿದ್ದು ಒಳ್ಳೆಯದಾಯಿತು. ನಾಚಿಕೆ ಯಾಕೆ.

ಮಂಡ್ಯದ ಸೊಸೆ

ನನ್ನದು ಸಣ್ಣ ಪ್ರಶ್ನೆ. ಮಗುವಿಗೆ ಮೂರು ವರ್ಷ. ನಾನು ಶಾಲೆಗೆ ಕೆಲಸಕ್ಕೆ ಹೋದರೆ ಅತ್ತೆ ನೋಡಿಕೊಳ್ಳುತ್ತಾರೆ. ಫೋನು ಇಲ್ಲದೆ ಮಗು ಒಂದು ತುತ್ತೂ ನುಂಗುವುದಿಲ್ಲ. ಅತ್ತೆಗೆ ಹೇಳಿದರೆ "ನನ್ ಮಕ್ಕಳನ್ನ ಚಂದಮಾಮನ್ನ ತೋರ್ಸಿ ಬೆಳೆಸ್ದೆ, ಈಗ ಇದನ್ನ ತೋರಿಸ್ತೀನಿ, ಏನ್ ವ್ಯತ್ಯಾಸ" ಅನ್ನುತ್ತಾರೆ. ಜಾಸ್ತಿ ಹೇಳಿದರೆ ನೀನೇ ನೋಡ್ಕೋ ಅಂತಾರೆ.

ಸರಸ್ವತಿಪುರಂ ಮೇಷ್ಟ್ರು

ಚಂದಮಾಮನಿಗೆ ಆಟೊಪ್ಲೇ ಇರಲಿಲ್ಲ ತಾಯಿ, ಅದೇ ವ್ಯತ್ಯಾಸ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡರಿಂದ ನಾಲ್ಕು ವರ್ಷದ ಮಕ್ಕಳು ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಒಂದು ವರ್ಷ ತುಂಬದ ಮಗುವಿಗೆ ಬೇಡವೇ ಬೇಡ. ಇದನ್ನು ನೀವು ಹೇಳಬೇಡಿ, ಅತ್ತೆ ಕೇಳುವುದಿಲ್ಲ. ಲಸಿಕೆಗೆ ಹೋದಾಗ ಡಾಕ್ಟರ ಬಾಯಿಂದ ಹೇಳಿಸಿ.

ಬೆಳಗಿನ ಮೆಮು

ದೊಡ್ಡ ಮಕ್ಕಳಿಗೆ ಕೈ ಮೀರಿದೆ ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಒಂದು ಕ್ಲಿನಿಕ್ ಇದೆ, ಶಟ್ ಅಂತ. 2014ರಿಂದ ನಡೆಯುತ್ತಿದೆ. ನನ್ನ ಕಸಿನ್ ಹೋಗಿದ್ದ, ಗೇಮಿನ ವಿಷಯಕ್ಕೆ. ಅಲ್ಲಿ ಮೊದಲು ಕೇಳಿದ್ದು ಅವನ ಗೇಮಿನ ಬಗ್ಗೆ ಅಲ್ಲವಂತೆ. ನಿದ್ದೆ, ಊಟ, ಮನೆಯಲ್ಲಿ ಯಾರ ಜೊತೆ ಮಾತಾಡುತ್ತೀಯ ಅಂತ. ಚಿಕ್ಕಪ್ಪ ಹೊರಗೆ ಕೂತು ಫೋನಿನಲ್ಲಿ ರಮ್ಮಿ ಆಡುತ್ತಿದ್ದರು.

ಇನ್ನು ಫಾರ್ವರ್ಡು. ನಮ್ಮಪ್ಪನಿಗೆ ಒಂದೇ ಒಂದು ಕಲಿಸಿದ್ದೇನೆ: ಮೆಸೇಜಿನ ಮೇಲೆ ಎರಡು ಬಾಣ ಇದ್ದರೆ ಅದು ಊರೆಲ್ಲಾ ಸುತ್ತಿ ಬಂದಿದ್ದು. 2020ರಿಂದ ಅಂಥದ್ದನ್ನು ವಾಟ್ಸ್ಆ್ಯಪ್ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಳಿಸಲು ಬಿಡುತ್ತದೆ. ಅಪ್ಪ ಅದಕ್ಕೂ ಹೆದರಲಿಲ್ಲ. ಒಬ್ಬೊಬ್ಬರಿಗೇ, ಕೂತು, 40 ಜನಕ್ಕೆ ಕಳಿಸಿದರು. ಶ್ರದ್ಧೆ ಅಂದರೆ ಅದು.

ಕಬ್ಬಿನ ಗದ್ದೆ

ಗುಡ್ ಮಾರ್ನಿಂಗನ್ನು ಮಾತ್ರ ಬೈಯಬೇಡಿ. ನಮ್ಮ ಗುಂಪಿನಲ್ಲಿ ಅದು ಹಾಜರಿ. ನಮ್ಮ ಸೋದರಮಾವನಿಗೆ 78 ವರ್ಷ, ಒಬ್ಬನೇ ಇದ್ದಾನೆ. ಆರೂವರೆಗೆ ಅವನ ಗುಲಾಬಿ ಹೂವು ಬರುತ್ತೆ. ಒಂದು ದಿನ ಏಳೂವರೆ ಆದರೂ ಬರಲಿಲ್ಲ. ಬೈಕು ತೆಗೆದುಕೊಂಡು ಹೋದೆ. ಜಗುಲಿಯಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡು ಕೂತಿದ್ದ.

(ಮಗಳು: ಇದು ನಿಜ. ಅವತ್ತಿನಿಂದ ನಾನೂ ಆ ಗುಂಪನ್ನು ಮ್ಯೂಟ್ ಮಾಡಿಲ್ಲ.)

ಕುವೆಂಪುನಗರದ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ಬ್ಯಾಂಕಿನ ಸಾರ್ ಬರೆದಿದ್ದನ್ನು ಮಗನಿಗೆ ಓದಿ ಹೇಳಿದೆ. ಜೋರಾಗಿ ಓದಿದೆ, ಅವನಿಗೆ ಅದೂ ಆಗುವುದಿಲ್ಲ, ಲಿಂಕ್ ಕಳಿಸು ಅಂದ. ಕಳಿಸಿದೆ. ಓದಿಕೊಂಡು ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಕೂತ. "ಅಮ್ಮ, ನಾನು ಎತ್ತದೆ ಇದ್ದಾಗ ನಿಂಗೆ ಏನನ್ಸುತ್ತೆ?" ಅಂತ ಕೇಳಿದ. ಮನೆಯಲ್ಲಿ ಇದ್ದುಕೊಂಡು ಬಾಗಿಲು ತೆಗೆಯದೆ ಇದ್ದ ಹಾಗೆ ಅನ್ನಿಸುತ್ತೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಎತ್ತಲು ಆಗದಿದ್ದರೆ ಒಂದು ಚುಕ್ಕಿಯಾದರೂ ಕಳಿಸುತ್ತೇನೆ ಅಂದ. ನಿನ್ನೆ ಮಧ್ಯಾಹ್ನ ಕಳಿಸಿದ್ದಾನೆ. ಬರೀ ಒಂದು ಚುಕ್ಕಿ.

ನನ್ನ ಕಡೆಯಿಂದ ಅವನ ಫೋನು ಎತ್ತುವುದು ಬಂದ್. ಕಷ್ಟ ಇದೆ. ನಿನ್ನೆ ಮತ್ತೆ ಸ್ನಾನದ ಹೊತ್ತಿಗೇ ಹೊಡೆದುಕೊಂಡಿತು. ಮುಟ್ಟಲಿಲ್ಲ. ಮೊರದಲ್ಲಿ ಇಟ್ಟುಕೊಂಡು ಬಚ್ಚಲ ಬಾಗಿಲಿನವರೆಗೆ ಹೋಗಿ ಹಿಡಿದುಕೊಂಡು ನಿಂತೆ.

ಆ ಎಚ್‌ಆರ್ ಹುಡುಗಿ ಗುರುವಾರ ಮತ್ತೆ ಕರೆ ಮಾಡಿದ್ದಳಂತೆ. ಇಂಟರ್‌ವ್ಯೂ ಎಲ್ಲಾ ಇಂಗ್ಲಿಷಿನಲ್ಲೇ. ಕೊನೆಗೆ ಕನ್ನಡದಲ್ಲಿ "ಉಪ್ಪಿಟ್ಟು ಚೆನ್ನಾಗಿತ್ತಾ?" ಅಂದಳಂತೆ. ಕೆಲಸದ ವಿಷಯ ಇನ್ನೂ ತಿಳಿಸಿಲ್ಲ.

ಕಬ್ಬಿನ ಗದ್ದೆ

ಆಗಲಿ, ಒಳ್ಳೆಯದಾಗಲಿ. ಒಂದು ಸಹಾಯ. ಮಗಳಿಗೆ ನಾಳೆಯಿಂದ ಪರೀಕ್ಷೆ, ಟೈಪ್ ಮಾಡಿಕೊಡುವುದಿಲ್ಲವಂತೆ. ನಾನೇ ಬರೆಯುವುದು ಹೇಗೆ? ಒತ್ತಕ್ಷರ ಬರುವುದಿಲ್ಲ, ಅಕ್ಷರ ಬೇರೆ ಸಾಸಿವೆ ಕಾಳಿನಷ್ಟಿದೆ.

ಬೆಳಗಿನ ಮೆಮು

ಅಣ್ಣ, ಸೆಟ್ಟಿಂಗ್ಸ್, ಅದರಲ್ಲಿ ಡಿಸ್‌ಪ್ಲೇ, ಅದರಲ್ಲಿ ಫಾಂಟ್ ಸೈಜ್. ದೊಡ್ಡದು ಮಾಡಿ. ಟೈಪ್ ಮಾಡುವ ತೊಂದರೆಯೇ ಬೇಡ. ಕೀಬೋರ್ಡಿನಲ್ಲಿ ಭಾಷೆ ಕನ್ನಡ ಮಾಡಿಕೊಂಡು, ಮೈಕಿನ ಚಿತ್ರ ಒತ್ತಿ ಮಾತಾಡಿ. ಅದೇ ಬರೆದುಕೊಳ್ಳುತ್ತದೆ. ಮುಗಿದ ಮೇಲೆ ಮೈಕ್ ಆಫ್ ಮಾಡುವುದು ಮರೆಯಬೇಡಿ.

ಕಬ್ಬಿನ ಗದ್ದೆ

ಎಲ್ಲರಿಗೂ ನಮಸ್ಕಾರ ಇದು ನಾನೇ ಮಾತಾಡಿ ಬರೆದಿದ್ದು ಚೆನ್ನಾಗಿ ಬರ್ತಾ ಇದೆ ಕನ್ನಡ ಗೊತ್ತಾಗುತ್ತೆ ಇದಕ್ಕೆ ಪಂಜಾಬಿನ ಟ್ರ್ಯಾಕ್ಟರ್ ಯಾಕೆ ಅಂತ ಮಗಳು ಕೇಳಿದ್ಲಲ್ಲ ಅದು ಏನಂದ್ರೆ ಏ ಗೌರಿ ಏ ಗೌರಿ ಅತ್ಲಾಗ್ ಹೋಗ್ಬೇಡ ಬಾಳೆ ಸುಳಿ ತಿಂತಾವ್ಳೆ ಹಗ್ಗ ಯಾರೋ ಬಿಚ್ಚಿದ್ದು ಹಿಡ್ಕೊಳ್ರೋ ಅವ್ಳನ್ನ ಹಿಡ್ಕೊಳ್ರೋ